ಪದ ಪರಿಚಯ: ಹೈಡ್ರೋಜೆಲ್

ಬೇಸಿಗೆ ಬಂತೆಂದರೆ ಪುಣೆ ಕನ್ನಡಿಗರ ಗ್ರೂಪುಗಳಲ್ಲಿ ಒಂದು ವಿಡಿಯೊ ಸುತ್ತತೊಡಗುತ್ತದೆ. ‘ಹೈಡ್ರೋಜೆಲ್ ಗೊಬ್ಬರ ಹಾಕಿ, ನೀರಿಲ್ಲದೆ ಬೆಳೆ ತೆಗೆಯಿರಿ!’ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟವರು ಕಳಿಸಿದರೆ ಹೋಗಲಿ ಬಿಡಿ ಅನ್ನಬಹುದು. ಈ ಸಲ ಕಳಿಸಿದವರಿಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆ ನಿಂಬೆ ತೋಟ ಇದೆ. ಇಲ್ಲಿ ನೌಕರಿ, ಅಲ್ಲಿ ಹೊಲ. ಅವರು ದುಡ್ಡು ಹಾಕುವ ಮೊದಲು ನಾಲ್ಕು ಮಾತು ಹೇಳಲೇಬೇಕು.

ಗೊಬ್ಬರ ಅನ್ನುವುದನ್ನು ಮೊದಲು ಬಿಡಿ. ಎಕರೆಗೆ ಹಾಕುವುದೇ ಒಂದೆರಡು ಕೆಜಿ. ಗೊಬ್ಬರ ಎಂದು ಲೆಕ್ಕ ಹಿಡಿಯುವಷ್ಟು ಪೋಷಕಾಂಶ ಅದರಿಂದ ಸಿಗುವುದಿಲ್ಲ.

ಹೈಡ್ರೋಜೆಲ್ ಅನ್ನುವುದು ಬಹಳ ಅಗಲವಾದ ಹೆಸರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂಡ ಹೈಡ್ರೋಜೆಲ್ಲೇ. ಹೊಲದವರು ಹೇಳುವುದು ಅದರಲ್ಲಿ ಒಂದು ಬಗೆ. ನೀರು ಕಂಡರೆ ವಿಪರೀತ ಉಬ್ಬುವ ಪಾಲಿಮರ್ ಹರಳು. ಅದರಲ್ಲಿ ಅಣುಗಳ ಉದ್ದುದ್ದ ಸರಪಳಿಗಳು ಅಲ್ಲಲ್ಲಿ ಕೊಂಡಿ ಹಾಕಿಕೊಂಡು ಬಲೆಯಾಗಿರುತ್ತವೆ. ಬಲೆಯೊಳಗೆ ಪೊಟ್ಯಾಸಿಯಂನಂಥ ಅಯಾನುಗಳು (ವಿದ್ಯುತ್ ಆವೇಶ ಇರುವ ಕಣಗಳು) ಜಾಸ್ತಿ ಇರುವುದರಿಂದ ನೀರು ಒಳಕ್ಕೆ ನುಗ್ಗುತ್ತದೆ. ಕೊಂಡಿಗಳಿರುವುದರಿಂದ ಹರಳು ಉಬ್ಬುತ್ತದೆ, ಕರಗುವುದಿಲ್ಲ. ಸುತ್ತಲಿನ ಮಣ್ಣು ಒಣಗಿದಾಗ ಬೇರು ಆ ನೀರನ್ನು ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ಹೈಡ್ರೋಜೆಲ್’ ಸೆಲ್ಯುಲೋಸ್ ಆಧಾರದ್ದು, ನಮ್ಮ ಬಿಸಿಲಿಗೆಂದೇ ಮಾಡಿದ್ದು.

ಗೊಂದಲ ಶುರುವಾಗುವುದು ‘ತನ್ನ ತೂಕದ 400 ಪಟ್ಟು ನೀರು ಹೀರುತ್ತದೆ’ ಅನ್ನುವ ಮಾತಿನಲ್ಲಿ. ಕೇಳಿದವರಿಗೆ ಹೊಲದಲ್ಲಿ ಕೆರೆಯೇ ಕಟ್ಟಿದ ಹಾಗೆ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಎಕರೆಗೆ 2 ಕೆಜಿ ಹಾಕಿದಿರಿ. 400 ಪಟ್ಟು ಅಂದರೆ 800 ಲೀಟರ್. ಒಂದು ಎಕರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 1 ಮಿ.ಮೀ. ಮಳೆ ಬಿದ್ದರೆ 4,047 ಲೀಟರ್. ಅಂದರೆ ಜೆಲ್ ಪೂರ್ತಿ ತುಂಬಿಕೊಂಡರೂ ಹಿಡಿಯುವುದು 0.2 ಮಿ.ಮೀ. ಮಳೆಯಷ್ಟು ನೀರು, ಅಂಗಳ ಸರಿಯಾಗಿ ನೆನೆಯದ ತುಂತುರಿನಷ್ಟು. ಬಿಸಿಲುಗಾಲದಲ್ಲಿ ತುಂಬಿ ನಿಂತ ಬೆಳೆಗೆ ದಿನಕ್ಕೆ 5 ಮಿ.ಮೀ. ಬೇಕಾಗುತ್ತದೆ. ಇದರಲ್ಲಿ ‘ನೀರಿಲ್ಲದೆ ಬೆಳೆ’ ಎಲ್ಲಿಂದ ಬಂತು?

ಆ 400 ಕೂಡ ಬಟ್ಟಿ ಇಳಿಸಿದ ನೀರಿನ ಲೆಕ್ಕ. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸರಪಳಿಗಳನ್ನು ಹಿಡಿದು ಬಲೆ ಬಿಚ್ಚಿಕೊಳ್ಳದಂತೆ ಮಾಡುತ್ತವೆ. ನಂಬಿಕೆ ಬರದಿದ್ದರೆ ಎರಡು ಲೋಟ ತಗೊಳ್ಳಿ. ಒಂದರಲ್ಲಿ ಆರ್‌ಓ ನೀರು, ಇನ್ನೊಂದರಲ್ಲಿ ಸೊಸೈಟಿಗೆ ಟ್ಯಾಂಕರಿನಲ್ಲಿ ಬರುವ ಗಡಸು ಬೋರ್ ನೀರು. ಎರಡಕ್ಕೂ ಒಂದೊಂದು ಚಿಟಿಕೆ ಹರಳು ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮೊದಲನೆಯದರಲ್ಲಿ ನೆನೆದ ಸಾಬೂದಾಣಿ ಹಾಗೆ ಹೊಳೆಯುವ ಗಟ್ಟಿಗಳು ಮೇಲೇರಿರುತ್ತವೆ. ಎರಡನೆಯದರಲ್ಲಿ ಅಷ್ಟೇ ಹರಳು ತಳದಲ್ಲಿ ಸಣ್ಣದಾಗಿ ಕೂತಿರುತ್ತದೆ.

ಹಾಗಾದರೆ ಸುಮ್ನೆ ದಂಡವೇ? ಅಲ್ಲ. ಇಡೀ ಎಕರೆಯ ಲೆಕ್ಕದಲ್ಲಿ ಏನೂ ಅಲ್ಲದ ನೀರು, ಬೀಜದ ಸಾಲಿನಲ್ಲೇ ಕೂತರೆ ದೊಡ್ಡದು. ಮೊಳಕೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ, ಸಸಿ ನಾಟಿ ಮಾಡಿದ ವಾರದಲ್ಲಿ ಬಿಸಿಲು ಹೊಡೆದರೆ, ಅದು ಒಂದಷ್ಟು ಉಸಿರು ಕೊಡುತ್ತದೆ. ಅದಕ್ಕೇ ಒಣ ಮಣ್ಣಿನಲ್ಲಿ ಬೆರೆಸಿ ಬೇರು ಇರುವ ಆಳಕ್ಕೆ ಹಾಕಬೇಕು. ವಿಡಿಯೊದಲ್ಲಿ ತೋರಿಸುವ ಹಾಗೆ ಮೇಲೆ ಎರಚಿದರೆ ಬಿಸಿಲಿಗೇ ಹಾಳಾಗುತ್ತದೆ.

ಮಣ್ಣನ್ನೂ ನೋಡಬೇಕಲ್ವಾ? ಮರಳು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು, ಪುಣೆ ಹತ್ತಿರದ ಸಾಸ್ವಡ್ ಕಡೆಯ ಕಲ್ಲುಪುಡಿಯಂಥ ಮುರುಮು, ಇಲ್ಲೆಲ್ಲ ನೀರು ನಿಲ್ಲುವುದಿಲ್ಲ. ಅಲ್ಲಿ ಪ್ರಯೋಜನ ಇದೆ. ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು, ಮಳೆಗೆ ತಾನೇ ಉಬ್ಬಿ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅದಕ್ಕೆ ಇನ್ನಷ್ಟು ನೀರು ಹಿಡಿಯುವ ವಸ್ತು ಯಾಕೆ? ನನ್ನನ್ನು ಕೇಳಿದರೆ ಆ ದುಡ್ಡಿಗೆ ಸಗಣಿ ಗೊಬ್ಬರ ತರಿಸಿ.

ಕುಂಡದವರಿಗೂ ಒಂದು ಮಾತು. ಜಾಸ್ತಿ ಹಾಕಿದರೆ ಮಣ್ಣು ಉಬ್ಬಿ ಗಿಡವನ್ನೇ ಮೇಲೆತ್ತುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹಳೇ ಡೈಪರ್ ಕತ್ತರಿಸಿ ಒಳಗಿನ ಪುಡಿ ಹಾಕಿ ಅನ್ನುವ ಉಪಾಯವಂತೂ ಬೇಡವೇ ಬೇಡ. ಅದು ಸೋಡಿಯಂ ಪಾಲಿಅಕ್ರಿಲೇಟ್. ಸೋಡಿಯಂ ಸೇರುತ್ತಾ ಹೋದರೆ ಮಣ್ಣು ಚೌಳಾಗುತ್ತದೆ. ಕೃಷಿಗೆ ಪೊಟ್ಯಾಸಿಯಂನದೇ ಬೇರೆ ಸಿಗುತ್ತದೆ, ಚೀಟಿ ಓದಿ ತಗೊಳ್ಳಿ.

ಹೂದಾನಿಗೆಂದು ಮಾರುವ ಬಣ್ಣಬಣ್ಣದ ಗುಂಡುಗಳೂ ಇದೇ ಜಾತಿಯವು, ಆದರೆ ಕೃಷಿಯ ಸರಕಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವನ್ನು ಇಡಲೇಬೇಡಿ. ನುಂಗಿದರೆ ಒಳಗೆ ಉಬ್ಬಿ ಕರುಳಿಗೆ ಅಡ್ಡ ಕೂರಬಹುದು, ಎಕ್ಸ್‌ರೇಯಲ್ಲಿ ಸುಲಭಕ್ಕೆ ಕಾಣಿಸುವುದೂ ಇಲ್ಲ.