ಕುಟ್ರುವಿನ ಲಘು, ಭೀಮರಾಜನ ಮೋಸ

ಕಾಸರಗೋಡು ಜಿಲ್ಲೆಯ ಪನತ್ತಡಿ ಪಂಚಾಯತಿನಲ್ಲಿದೆ ರಾಣಿಪುರಂ ಗುಡ್ಡ. ಆಚೆ ಮಗ್ಗುಲು ತಲಕಾವೇರಿ ಅಭಯಾರಣ್ಯ. ಹತ್ತುವಾಗ ಮೊದಲು ದಟ್ಟ ಕಾಡು, ಆಮೇಲೆ ಹುಲ್ಲುಗಾವಲು. ಕಾಡಿನ ಭಾಗದಲ್ಲಿ ಬೈನಾಕ್ಯುಲರ್ ಹೆಚ್ಚಿನ ಹೊತ್ತು ಕತ್ತಿನಲ್ಲೇ ನೇತಾಡುತ್ತದೆ. ನೆತ್ತಿಯ ಮೇಲೆ ಕೂತ ಹಕ್ಕಿ ಆಕಾಶದ ಬೆಳಕಿಗೆ ಅಡ್ಡವಾಗಿ ಬರೀ ಕಪ್ಪಾಗಿ ಕಾಣುತ್ತದೆ; ಹಸಿರೋ ಹಳದಿಯೋ ತಿಳಿಯದು. ಹಾಗಾಗಿ ಇಲ್ಲಿ ಮೊದಲ ಕೆಲಸ ಕಿವಿಯದು.

ಕೇಳಿದ್ದನ್ನು ಬರೆದಿಡಲು ಶಾಲೆಯಲ್ಲಿ ಕಲಿತ ಲಘು-ಗುರು ಸಾಕು. ಎಷ್ಟು ಸ್ವರ, ಯಾವುದು ಉದ್ದ, ಕೊನೆಗೆ ದನಿ ಏರಿತೋ ಇಳಿಯಿತೋ, ಮರದ ಎಷ್ಟು ಎತ್ತರದಿಂದ ಬಂತು: ಇಷ್ಟನ್ನು ಸ್ಥಳದಲ್ಲೇ ಗೀಚಿಕೊಳ್ಳಬೇಕು. ಹತ್ತು ನಿಮಿಷ ಬಿಟ್ಟರೆ ಮುಂದಿನ ಹಕ್ಕಿಯ ಕೂಗು ಹಿಂದಿನದರ ಜೊತೆ ಕಲಸಿಹೋಗುತ್ತದೆ. ಸಣ್ಣ ಕುಟ್ರು ಹಕ್ಕಿಯನ್ನೇ ನೋಡಿ. ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು 'ಟ್ರ್‌ರ್‌ರ್', ಆಮೇಲೆ 'ಕುಟ್ರೂ ಕುಟ್ರೂ' ಎಂದು ಬಿಡುವಿಲ್ಲದ ಪಲ್ಲವಿ. ಛಂದಸ್ಸಿನ ಲೆಕ್ಕಕ್ಕೆ ಒತ್ತಕ್ಷರದ ಹಿಂದಿನ 'ಕು' ಗುರುವೇ. ಹಕ್ಕಿ ಮಾತ್ರ ಅದನ್ನು ಲಘುವಾಗಿಯೇ ಹಾಡುತ್ತದೆ! ಮಲಯಾಳದ 'ಚಿನ್ನಕುಟ್ಟುರುವನ್' ಹೆಸರಿನಲ್ಲೂ ಇದೇ ಕೂಗು ಕೇಳಿಸುತ್ತದೆ. ತೊಡಕೆಂದರೆ, ಕಂದುತಲೆಯ ಕುಟ್ರುವಿನ ಕೂಗೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಕಣ್ಣು ಬೇಕು: ಕಣ್ಣಿನ ಮೇಲೂ ಕೆಳಗೂ ಬಿಳಿ ಪಟ್ಟೆಯಿದ್ದರೆ ಸಣ್ಣ ಕುಟ್ರು, ಕಣ್ಣಿನ ಸುತ್ತ ಬೋಳು ಕಿತ್ತಳೆ-ಹಳದಿ ಚರ್ಮವಿದ್ದರೆ ಕಂದುತಲೆಯದು.

ಕಿವಿಯನ್ನೂ ಮೋಸ ಮಾಡುವವನು ಭೀಮರಾಜ ಎಂಬ ಹಕ್ಕಿ. ಶಿಕ್ರ ಗಿಡುಗದಂತೆ ಕೂಗುತ್ತಾನೆ, ಮರುಕ್ಷಣ ಇನ್ಯಾರದೋ ದನಿ. ಶ್ರೀಲಂಕಾದ ಸಿಂಹರಾಜ ಕಾಡಿನ ಅಧ್ಯಯನವೊಂದರ ಪ್ರಕಾರ ಈ ಅನುಕರಣೆ ಬರೀ ಹುಡುಗಾಟವಲ್ಲ. ಅಪಾಯ ಕಂಡಾಗ ಈ ಹಕ್ಕಿ ಬೇಟೆಗಾರ ಹಕ್ಕಿಗಳ ದನಿಯನ್ನೂ ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಆರಿಸಿಕೊಳ್ಳುತ್ತದೆ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್ ಇಲ್ಲಿ ಎಡವಬಹುದು. ಅದು ತೋರಿಸಿದ ಹೆಸರನ್ನು ಸುಳಿವೆಂದು ಇಟ್ಟುಕೊಳ್ಳಿ, ಪಟ್ಟಿಗೆ ಸೇರಿಸಬೇಡಿ. ಒಂದೇ ಕೊಂಬೆಯಿಂದ ಅರ್ಧ ನಿಮಿಷದಲ್ಲಿ ಮೂರು ಜಾತಿಯ ಕೂಗು ಬಂದು, ನಡುವೆ ಲೋಹ ತಾಗಿದಂಥ ಠಣತ್ಕಾರ ಕೇಳಿದರೆ ಅವನೇ ಎಂದು ಅನುಮಾನಿಸಬೇಕು. ಗರಿ ಉದುರುವ ಕಾಲದಲ್ಲಿ ಬಾಲದ ಎರಡು ಉದ್ದ ಗರಿಗಳು ಇರುವುದಿಲ್ಲ. ಆಗ ಹಣೆಯ ಜುಟ್ಟೇ ಗುರುತು.

ದೊಡ್ಡ ಮಂಗಟ್ಟೆಗೆ ಕೂಗೂ ಬೇಕಿಲ್ಲ, ಹಾರಿದರೆ ಸಾಕು. ರೆಕ್ಕೆಯ ಅಡಿಯಲ್ಲಿ ದೊಡ್ಡ ಗರಿಗಳ ಬುಡ ಮುಚ್ಚುವ ಕಿರುಗರಿಗಳಿಲ್ಲದ್ದರಿಂದ ಗಾಳಿ ಸಂದಿನಲ್ಲಿ ನುಗ್ಗಿ 'ಭುಸ್ ಭುಸ್' ಎನ್ನುತ್ತದೆ. ಇನ್ನು ಮರದ ತುದಿಯಿಂದ ಗಿಲಕಿ ಆಡಿಸಿದಂತೆ ಸದ್ದು ಬಂದರೆ ಹಕ್ಕಿಯ ಪುಸ್ತಕ ಮುಚ್ಚಿಡಿ. ಅದು ಕೆಂದಳಿಲು ಇರಬಹುದು.

ಫೋನಿನಲ್ಲಿ ಧ್ವನಿ ಹಿಡಿಯುವಾಗ ಗದ್ದಲ ತಗ್ಗಿಸುವ ಸೌಲಭ್ಯವನ್ನು ಆಫ್ ಮಾಡಿ, ನಿಂತಲ್ಲೇ ಅರ್ಧ ನಿಮಿಷವಾದರೂ ಹಿಡಿಯಿರಿ. ಹಕ್ಕಿಗೆ ಅದರದೇ ಕೂಗು ಕೇಳಿಸಿ ಕರೆಯುವುದು ಬೇಡ. ಎದುರಾಳಿ ಬಂತೆಂದು ಅದು ಗೂಡು ಬಿಟ್ಟು ಬರುತ್ತದೆ.

ಚಳಿಗಾಲಕ್ಕೆ ವಲಸೆ ಬರುವ ಎಲೆ ಉಲಿಯಕ್ಕಿಗಳ ಮುಂದೆ ಇದ್ಯಾವುದೂ ಅಷ್ಟಾಗಿ ನಡೆಯುವುದಿಲ್ಲ. ಎಲ್ಲವೂ ಪುಟ್ಟ, ಎಲ್ಲವೂ ಮಾಸಲು ಹಸಿರು. ಕೂಗದೆ ಹಾರಿಹೋದದ್ದನ್ನು ಬಲ್ಲವರೂ 'ಉಲಿಯಕ್ಕಿ' ಎಂದಷ್ಟೇ ಬರೆದು ಮುಂದೆ ನಡೆಯುತ್ತಾರೆ.