ಒಂದೇ ದಿನದಲ್ಲಿ ಸೈಕಲ್ ಮೇಲೆ ಶರಾವತಿ ಹಿನ್ನೀರು ಸುತ್ತಬಹುದೇ?

ಪ್ರಶ್ನೆ: ಶಿವಮೊಗ್ಗದಿಂದ ಬೆಳಗ್ಗೆ ಹೊರಟು ಸಾಗರ, ಸಿಗಂದೂರು ಸೇತುವೆ, ತುಮರಿ, ನಿಟ್ಟೂರು, ನಗರ, ಹೊಸನಗರದ ಮೇಲೆ ರಾತ್ರಿಯೊಳಗೆ ಸೈಕಲ್‌ನಲ್ಲೇ ವಾಪಸ್ ಬರಬೇಕೆಂದಿದ್ದೇನೆ. ಬಯಲು ರಸ್ತೆಯಲ್ಲಿ ನೂರು ಕಿ.ಮೀ. ಆರಾಮಾಗಿ ಹೊಡೆಯುತ್ತೇನೆ. ಇದು ಆಗುವ ಮಾತೇ?

ಉತ್ತರ: ಹಿನ್ನೀರು ಸುತ್ತುವುದು ಖಂಡಿತ ಆಗುವ ಮಾತು. ಆದರೆ ಶಿವಮೊಗ್ಗದಿಂದ ಹೊರಡಬೇಡಿ, ಸಾಗರದಿಂದ ಹೊರಡಿ.

ಲೆಕ್ಕ ಹೀಗಿದೆ. ಶಿವಮೊಗ್ಗದಿಂದ ಹೊರಟರೆ ನೀವು ಹೇಳಿದ ದಾರಿ 250 ಕಿ.ಮೀ. ಆಸುಪಾಸು ಆಗುತ್ತದೆ. ದೂರದ ಸೈಕಲ್ ಸವಾರಿಯ ಬ್ರೆವೆಗಳಲ್ಲಿ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ಸವಾರಿಗಳಲ್ಲಿ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ತಿಂಡಿ, ಪಂಕ್ಚರ್, ವಿಶ್ರಾಂತಿ ಎಲ್ಲ ಸೇರಿ ಗಂಟೆಗೆ 15 ಕಿ.ಮೀ.ಗಿಂತ ತುಸು ಕಡಿಮೆ. ಅಭ್ಯಾಸ ಇರುವವರಿಗೂ ಮಲೆನಾಡಿನಲ್ಲಿ ಈ ವೇಗ ಸುಲಭವಲ್ಲ. ಅದನ್ನು ಉಳಿಸಿಕೊಂಡರೂ 250ಕ್ಕೆ ಹದಿನೇಳು ಗಂಟೆ ಬೇಕು. ಡಿಸೆಂಬರ್‌ನಲ್ಲಿ ಬೆಳಕಿರುವುದು ಹನ್ನೊಂದು ಗಂಟೆ ಚಿಲ್ಲರೆ. ಉಳಿದಷ್ಟೂ ಕತ್ತಲಲ್ಲಿ, ಅದರಲ್ಲೂ ರಿಪ್ಪನ್‌ಪೇಟೆ ದಾಟಿದ ಮೇಲಿನ ಕಾಡುರಸ್ತೆಯಲ್ಲಿ, ಕಾಲು ಸೋತ ಹೊತ್ತಿಗೆ. ಅದೇ ಸಾಗರದಿಂದ ಹೊರಟು ಹೊಸನಗರ, ಬಟ್ಟೆಮಲ್ಲಪ್ಪದ ಮೇಲೆ ಸಾಗರಕ್ಕೇ ಬಂದರೆ 150ರ ಆಸುಪಾಸಿನಲ್ಲಿ ಮುಗಿಯುತ್ತದೆ. ಹತ್ತು ಗಂಟೆಯ ಕೆಲಸ, ಹಗಲಲ್ಲೇ ಹಿಡಿಸುತ್ತದೆ. ಕೈಬಿಡುವುದು ಲಾರಿ ಓಡಾಡುವ ಹೆದ್ದಾರಿಯನ್ನು ಮಾತ್ರ. ಹಿನ್ನೀರಿನ ಒಂದು ತಿರುವೂ ತಪ್ಪುವುದಿಲ್ಲ. ತಾಳಗುಪ್ಪದ ರೈಲು ಶಿವಮೊಗ್ಗ ದಾಟಿ ಸಾಗರ ಜಂಬಗಾರಿನಲ್ಲಿ ನಿಲ್ಲುತ್ತದೆ. ಸೈಕಲ್ ಸಾಗಿಸುವ ಬಗ್ಗೆ ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ, ಹಿಂದಿನ ಸಂಜೆಯೇ ಹೋಗಿ ಮಲಗಿಬಿಡಿ.

ಈಗ ಮುಖ್ಯ ವಿಷಯ, ಏರು. ಮ್ಯಾಪಿನಲ್ಲಿ ನೋಡಿದರೆ ಇಲ್ಲಿ ದೊಡ್ಡ ಘಾಟಿಯೇ ಕಾಣುವುದಿಲ್ಲ. ಅದಕ್ಕೇ ಎಷ್ಟೋ ಜನ ಮೋಸಹೋಗುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಜೊತೆಗೆ ಅದಕ್ಕೆ ಸೇರುವ ಹಳ್ಳಕೊಳ್ಳಗಳೂ ತುಂಬಿಕೊಂಡವು. ನೀರು ಬೆಟ್ಟಗಳ ಸಂದಿಗೆಲ್ಲ ಕೈಚಾಚಿ ನಿಂತಿತು. ಸುತ್ತಲಿನ ರಸ್ತೆಗೆ ನೀರಿನಂಚಿನಲ್ಲೇ ಸಮತಟ್ಟಾಗಿ ಹೋಗಲು ಜಾಗವಿಲ್ಲ. ಗುಡ್ಡ ಹತ್ತಬೇಕು, ಹಳ್ಳಕ್ಕೆ ಇಳಿಯಬೇಕು, ಮೋರಿ ದಾಟಿ ಮತ್ತೆ ಹತ್ತಬೇಕು. ಒಂದೊಂದು ಏರೂ ಚಿಕ್ಕದೇ, ಆದರೆ ಕಡಿದು. ಇಳಿಜಾರಿನಲ್ಲಿ ಸಿಕ್ಕ ವೇಗವನ್ನು ಮುಂದಿನ ಏರಿಗೆ ಬಳಸೋಣವೆಂದರೆ, ಸರಿಯಾಗಿ ಇಳಿಜಾರಿನ ಬುಡದಲ್ಲೇ ತಿರುವು ಇರುತ್ತದೆ, ತಿರುವಿನಲ್ಲಿ ಮಳೆಗೆ ಕೊಚ್ಚಿಬಂದ ಜಂಬಿಟ್ಟಿಗೆ ಜಲ್ಲಿ. ಬ್ರೇಕ್ ಹಿಡಿಯಲೇಬೇಕು, ಮತ್ತೆ ಸೊನ್ನೆಯಿಂದ ತುಳಿಯಬೇಕು. ಹಾಗಾಗಿ ಯೋಜನೆ ಮಾಡುವಾಗ ಅತಿ ಎತ್ತರದ ಜಾಗ ಯಾವುದೆಂದು ಹುಡುಕಬೇಡಿ, ಒಟ್ಟು ಏರಿಕೆ ಎಷ್ಟು ಮೀಟರ್ ಎಂದು ನೋಡಿ. ನೀವು ರೂಢಿಯಲ್ಲಿ ತುಳಿಯುವ ನೂರು ಕಿ.ಮೀ.ಯ ಏರಿಕೆಯೊಂದಿಗೆ ಅದನ್ನು ಹೋಲಿಸಿ. ಮೂರು ಪಟ್ಟು ಬಂದರೆ ಇನ್ನೊಂದು ತಿಂಗಳು ಅಭ್ಯಾಸ ಮಾಡಿ.

ಗೇರ್ ಬಗ್ಗೆ ಜಂಭ ಬೇಡ. ಮುಂದೆ ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 32 ಅಥವಾ 34 ಇದ್ದರೆ ಮಂಡಿ ಉಳಿಯುತ್ತದೆ. ಟೈರು 28 ಮಿ.ಮೀ.ಗಿಂತ ಸಣ್ಣದು ಬೇಡ, 32 ಆದರೆ ಇನ್ನೂ ಒಳ್ಳೆಯದು.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅದಕ್ಕೂ ಮೊದಲು ಇಡೀ ಸುತ್ತು ಹಿನ್ನೀರು ದಾಟಿಸುವ ಲಾಂಚಿನ ಸಮಯಕ್ಕೆ ಕಟ್ಟುಬಿದ್ದಿತ್ತು. ತುಮರಿ ದಡದ ಜನ ದಶಕಗಳ ಕಾಲ ಆಸ್ಪತ್ರೆಗೂ ಕಾಲೇಜಿಗೂ ಅದೇ ಲಾಂಚ್ ಕಾಯ್ದರು. ಈಗ ಎರಡು ಕಿ.ಮೀ.ಗೂ ಉದ್ದದ ಸೇತುವೆಯನ್ನು ಹತ್ತು ನಿಮಿಷದಲ್ಲಿ ದಾಟುತ್ತೇವೆ. ನಡುವೆ ಅಡ್ಡಗಾಳಿ ಜೋರಾಗಿ ಬೀಸಬಹುದು, ಹ್ಯಾಂಡಲ್ ಗಟ್ಟಿ ಹಿಡಿಯಿರಿ. ಫೋಟೊಗೆಂದು ನಡುರಸ್ತೆಯಲ್ಲಿ ನಿಲ್ಲಬೇಡಿ.

ತುಮರಿಯಿಂದ ನಿಟ್ಟೂರಿನವರೆಗಿನ ಭಾಗಕ್ಕೆ ನಿಮ್ಮ ಶಕ್ತಿಯನ್ನು ಕಾಯ್ದಿಟ್ಟುಕೊಳ್ಳಿ. ಅಂಗಡಿ ವಿರಳ, ಮೊಬೈಲ್ ಸಿಗ್ನಲ್ ಇನ್ನೂ ವಿರಳ. ಎರಡೂ ಬಾಟಲಿ ತುಂಬಿಸಿಕೊಂಡೇ ಹೊರಡಿ. ಅವಲಕ್ಕಿ, ಬಾಳೆಹಣ್ಣು, ಬೆಲ್ಲ ಜೊತೆಗಿರಲಿ. ದಾರಿಯ ಮ್ಯಾಪನ್ನು ಫೋನಿನೊಳಗೆ ಮೊದಲೇ ಇಳಿಸಿಕೊಳ್ಳಿ. ನೀರು ಮುಗಿದರೆ ಸಂಕೋಚ ಬಿಟ್ಟು ಯಾವುದಾದರೂ ಮನೆಯಂಗಳದಲ್ಲಿ ಕೇಳಿ. ಈ ಕಡೆಯವರು ಬರಿ ನೀರು ಕೊಟ್ಟು ಕಳಿಸುವುದು ಕಡಿಮೆ, ಜೊತೆಗೆ ಬೆಲ್ಲವೋ ಮಜ್ಜಿಗೆಯೋ ಬರುತ್ತದೆ. ಅಡಿಕೆ ಕೊನೆ ಕೊಯ್ಯುವ ಕಾಲವಾದರೆ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಅಡಿಕೆ ಹರಡಿದ ಕಡೆ ಸೈಕಲ್ ಒರಗಿಸಬೇಡಿ.

ನವೆಂಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಆಗುಂಬೆ, ಹುಲಿಕಲ್ ಸೀಮೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆಯ ನೆರೆಹೊರೆ ಇದು. ನೆರಳಿನ ತಿರುವುಗಳಲ್ಲಿ ಡಾಂಬರಿನ ಮೇಲೇ ಪಾಚಿ ಕಟ್ಟಿರುತ್ತದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಕಾಟ ಚಳಿಗಾಲದಿಂದ ಬೇಸಿಗೆವರೆಗೆ ಹೆಚ್ಚು, ಅಂದರೆ ನಮ್ಮ ಸೈಕಲ್ ಕಾಲದಲ್ಲೇ. ಸುಸ್ತಾಯಿತೆಂದು ಕಾಡಿನಂಚಿನ ದರಗೆಲೆ ಮೇಲೆ ಕೂರಬೇಡಿ, ಬಸ್ ನಿಲ್ದಾಣದ ಕಟ್ಟೆ ಹುಡುಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಮೇಲೆ ಜ್ವರ ಕಾಣಿಸಿದರೆ ಮಲೆನಾಡಿನ ಕಾಡುದಾರಿಯಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ನಿಟ್ಟೂರಿನ ಬಳಿ ನಾಗೋಡಿ ಘಾಟಿ ಇಳಿದು ಕೊಲ್ಲೂರು ನೋಡಿ ಬರೋಣ ಎನ್ನಿಸುತ್ತದೆ. ಮೊದಲ ಸಲ ಬೇಡ. ಇಳಿದಷ್ಟೂ ಹತ್ತಬೇಕು, ಅಲ್ಲಿಗೆ ಆ ದಿನದ ಲೆಕ್ಕ ಕೆಟ್ಟಿತು. ಬದಲಿಗೆ ನಗರ ಎಂಬ ಊರಿನಲ್ಲಿ, ರಸ್ತೆ ಪಕ್ಕದ ಕೋಟೆಯ ಬಳಿ ಅರ್ಧ ಗಂಟೆ ಕೂರಿ, ಗಡಿಯಾರ ನೋಡಿ. ಮಧ್ಯಾಹ್ನ ಎರಡರೊಳಗೆ ಅಲ್ಲಿದ್ದರೆ ಕತ್ತಲೆಗೆ ಮುನ್ನ ಸಾಗರ ಸೇರುತ್ತೀರಿ. ಮೂರೂವರೆ ದಾಟಿದ್ದರೆ ಹೊಸನಗರದವರೆಗೆ ಮಾತ್ರ ತುಳಿಯಿರಿ, ಅಲ್ಲಿಂದ ಮೇಲೆ ಕ್ಯಾರಿಯರ್ ಇರುವ ಖಾಸಗಿ ಬಸ್ಸನ್ನೋ ಗೂಡ್ಸ್ ಆಟೋವನ್ನೋ ಕೇಳಿ. ಹೊರಡುವ ಮೊದಲೇ ಮನೆಯವರಿಗೆ ದಾರಿಯನ್ನೂ ಈ ಎರಡು ಹೊತ್ತನ್ನೂ ಬರೆದುಕೊಟ್ಟಿರಿ. ಸಿಗ್ನಲ್ ಇಲ್ಲದ ಕಡೆ ನಿಮ್ಮನ್ನು ಎಲ್ಲಿ ಹುಡುಕಬೇಕೆಂಬುದು ಅವರಿಗೆ ಗೊತ್ತಿರಬೇಕು.