ಆಪರೇಷನ್ ಆದ ಎರಡನೇ ರಾತ್ರಿ ಅಪ್ಪ ಯಾಕೆ ಹೀಗಾದರು?

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತುಹಾಕಿ, 'ತೋಟಕ್ಕೆ ನೀರು ಬಿಡಬೇಕು, ದಾರಿ ಬಿಡಿ' ಅಂತ ಏಳಲು ಹೊರಟರು. ನನ್ನ ಗುರುತೂ ಹತ್ತಲಿಲ್ಲ. ಬೆಳಿಗ್ಗೆ ಸರಿಯಾಗಿ ಮಾತಾಡಿದರು, ಸಂಜೆ ಮತ್ತೆ ಅದೇ. ನೆಂಟರು ಅರಳುಮರಳು ಅನ್ನುತ್ತಿದ್ದಾರೆ. ಇದು ವಾಸಿಯಾಗುತ್ತದೆಯೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ಅರಳುಮರಳಲ್ಲ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಕವಿಯುವಂಥದು. ಮೊನ್ನೆಯವರೆಗೆ ನೆಟ್ಟಗಿದ್ದವರು ಒಂದೇ ರಾತ್ರಿಯಲ್ಲಿ ಹೀಗಾಗಿ, ಗಳಿಗೆಗೊಂದು ಥರ ಇದ್ದರೆ ವೈದ್ಯರು ಅದನ್ನು ಡೆಲಿರಿಯಮ್ ಎನ್ನುತ್ತಾರೆ. ನಮ್ಮ ಅಜ್ಜಿಯಂದಿರು ಸನ್ನಿ ಅನ್ನುತ್ತಿದ್ದರು. ಅವರು ಸನ್ನಿಯನ್ನು ಜ್ವರದ ಜೊತೆ ಕಟ್ಟಿ ಹೇಳುತ್ತಿದ್ದುದರಲ್ಲಿ ಅರ್ಥವಿದೆ: ತೊಂದರೆ ಇರುವುದು ಬಹುಪಾಲು ಮೈಯಲ್ಲಿ, ಕಾಣಿಸಿಕೊಳ್ಳುವುದು ಮಿದುಳಿನಲ್ಲಿ. ವಯಸ್ಸಾದವರಲ್ಲಿ, ಅದರಲ್ಲೂ ಸೊಂಟದ ಮೂಳೆ ಮುರಿದವರಲ್ಲಿ, ಇದು ತೀರಾ ಸಾಮಾನ್ಯ.

ಇದನ್ನು ಕಂಡುಹಿಡಿಯುವ ರಕ್ತಪರೀಕ್ಷೆಯಿಲ್ಲ. ಹಾಸಿಗೆಯ ಪಕ್ಕ ಕುಳಿತು ಮಾತಾಡಿಸಿಯೇ ಪತ್ತೆ ಮಾಡಬೇಕು. ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿ ಎಂದರೆ, ಶುಕ್ರವಾರ, ಗುರುವಾರ ಎಂದು ಹೇಳಿ ಅಲ್ಲೇ ಎಳೆ ತಪ್ಪುತ್ತಾರೆ; ಗಮನ ನಿಲ್ಲುವುದಿಲ್ಲ. 1990ರಲ್ಲಿ ಅಮೆರಿಕದ ವೈದ್ಯೆ ಶರೋನ್ ಇನೂಯೆ ಮತ್ತು ಸಂಗಡಿಗರು ರೂಪಿಸಿದ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಅದರ ಮೊದಲ ಪ್ರಶ್ನೆಯೇ 'ಈ ಬದಲಾವಣೆ ದಿಢೀರನೆ ಬಂತೇ?' ಎಂಬುದು. ರಾತ್ರಿ ಪಾಳಿಗೆ ಬಂದ ಡಾಕ್ಟರಿಗೆ ನಿಮ್ಮ ತಂದೆ ಕಳೆದ ವಾರ ಹೇಗಿದ್ದರೆಂದು ಗೊತ್ತಿಲ್ಲ. ನಿಮಗೆ ಗೊತ್ತು. ಅವರು ಕೇಳುವ ಮೊದಲೇ ಹೇಳಿಬಿಡಿ.

ಇನ್ನು ಕಾರಣ. ನಿಜವಾದ ಕೆಲಸ ಇರುವುದು ಇಲ್ಲಿ. ಶ್ವಾಸಕೋಶದ ಅಥವಾ ಮೂತ್ರದ ಸೋಂಕಿರಬಹುದು. ಮುಪ್ಪಿನಲ್ಲಿ ಜ್ವರವೇ ಬಾರದೆಯೂ ಸೋಂಕು ಇರುತ್ತದೆ. ರಕ್ತದಲ್ಲಿ ಆಮ್ಲಜನಕ, ಸಕ್ಕರೆ ಇಳಿದಿರಬಹುದು. ಪೈಪ್ ತೆಗೆದ ಮೇಲೆ ಮೂತ್ರ ಕಟ್ಟಿ ಹೊಟ್ಟೆ ಬಿಗಿದು ಒದ್ದಾಡುತ್ತಿರಬಹುದು, ಅದನ್ನು ಹೇಳಿಕೊಳ್ಳಲು ಬಾರದೆ 'ದಾರಿ ಬಿಡಿ' ಅನ್ನುತ್ತಿರಬಹುದು. ನಾಲ್ಕು ದಿನ ಮಲಬದ್ಧತೆಯಾದರೂ ಸಾಕು. ನೋವು ಇದನ್ನು ತರುತ್ತದೆ, ನೋವಿಗೆ ಕೊಡುವ ಬಲವಾದ ಔಷಧವೂ ತರುತ್ತದೆ. ರಕ್ತದಲ್ಲಿನ ಸೋಡಿಯಮ್ (ಉಪ್ಪಿನ ಅಂಶ) ಇಳಿದರೂ ಹೀಗಾಗುತ್ತದೆ; ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಅದು ಕುಸಿಯುವುದುಂಟು. ಬಹಳ ಇಳಿದಿದ್ದರೆ ನಿಧಾನವಾಗಿಯೇ ಏರಿಸಬೇಕು. ಒಮ್ಮೆಲೇ ಏರಿಸಿದರೆ ಮಿದುಳಿಗೆ ಹಾನಿ. ಇನ್ನೂ ಯಾಕೆ ಸರಿಮಾಡಿಲ್ಲ ಎಂದು ನರ್ಸ್ ಮೇಲೆ ಸಿಟ್ಟಾಗುವವರು ಇದನ್ನು ತಿಳಿದಿರಬೇಕು.

ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿ ತಂದು ತೋರಿಸಿ. ವರ್ಷಗಳಿಂದ ನಿದ್ದೆಗೆಂದು ಅಲ್ಪ್ರಜೋಲಾಮ್ ತೆಗೆದುಕೊಳ್ಳುತ್ತಿದ್ದು, ಆಸ್ಪತ್ರೆಯಲ್ಲಿ ಅದು ದಿಢೀರನೆ ನಿಂತರೆ ಇದೇ ಆಗುತ್ತದೆ. ಶೀತ, ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಂಪರು ಮಾತ್ರೆಗಳೂ ಅಷ್ಟೆ. ಇನ್ನೊಂದು ವಿಷಯವನ್ನು ಕುಟುಂಬದವರು ಮುಚ್ಚಿಡುತ್ತಾರೆ: ಕುಡಿತ. ದಿನವೂ ಕುಡಿಯುತ್ತಿದ್ದವರಿಗೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಕೈನಡುಕ, ಬೆವರು, ಭ್ರಮೆ, ಒಮ್ಮೊಮ್ಮೆ ಫಿಟ್ಸ್ ಬರುತ್ತವೆ. ಇದರ ಚಿಕಿತ್ಸೆಯೇ ಬೇರೆ, ಬಿ1 ವಿಟಮಿನ್ ಇಂಜೆಕ್ಷನ್ ತಕ್ಷಣ ಬೇಕು. ನೆಂಟರ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿ. ಮರ್ಯಾದೆಗಂಜಿ ಸುಮ್ಮನಿದ್ದರೆ ಜೀವಕ್ಕೇ ಅಪಾಯ.

ಸ್ಕ್ಯಾನ್? ಎಲ್ಲರಿಗೂ ಬೇಡ. ಆದರೆ ನಿಮ್ಮ ತಂದೆ ಬಿದ್ದವರು. ತಲೆಗೆ ಪೆಟ್ಟಾಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಇತ್ತೇ ಎಂದು ನೆನಪಿಸಿಕೊಳ್ಳಿ, ಹೌದಾದರೆ ಸಿ.ಟಿ. ಬೇಕೇ ಬೇಕು. ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಅಥವಾ ಸರಾಗವಾಗಿ ಮಾತಾಡುತ್ತಿದ್ದರೂ ಪದಗಳಿಗೆ ಅರ್ಥವೇ ಇಲ್ಲದಿದ್ದರೆ ಅದು ಸನ್ನಿಯಲ್ಲ, ಪಾರ್ಶ್ವವಾಯು ಇರಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು. ಕಾರಣವೇ ಸಿಗದಿದ್ದರೆ, ಮೇಲ್ನೋಟಕ್ಕೆ ಕಾಣದ ಫಿಟ್ಸ್ ಇದೆಯೇ ಎಂದು ಇ.ಇ.ಜಿ. (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿ ನೋಡುತ್ತಾರೆ.

ನಿದ್ದೆ ಬರುವ ಇಂಜೆಕ್ಷನ್ ಕೊಟ್ಟುಬಿಡಿ ಎಂದು ಗೋಗರೆಯುವವರನ್ನು ನೋಡಿ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದು ಸನ್ನಿಯನ್ನು ಬಿಡಿಸುವುದಿಲ್ಲ, ಅನೇಕ ವೇಳೆ ಉದ್ದಮಾಡುತ್ತದೆ. ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ತರಹದ ಔಷಧವನ್ನು, ಅವರಿಗೋ ಇತರರಿಗೋ ಅಪಾಯವಾಗುವಂತಿದ್ದರೆ ಮಾತ್ರ, ಸಣ್ಣ ಪ್ರಮಾಣದಲ್ಲಿ ಕೊಡಬಹುದು. ಪಾರ್ಕಿನ್ಸನ್ ಇರುವವರಿಗೆ ಅದು ಕೂಡದು. ಕೈಕಾಲು ಕಟ್ಟಿದರೆ ಭಯ ಹೆಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು? ಕನ್ನಡಕ ಹಾಕಿ, ಕಿವಿಯ ಮೆಷಿನ್ ಇಡಿ, ಹಲ್ಲಿನ ಸೆಟ್ ತನ್ನಿ. ಹಗಲು ಕಿಟಕಿ ತೆರೆಯಿರಿ, ರಾತ್ರಿ ಟ್ಯೂಬ್‌ಲೈಟ್ ಆರಿಸಿ. ನೀರು ಕುಡಿಸಿ, ವೈದ್ಯರು ಒಪ್ಪಿದೊಡನೆ ಎಬ್ಬಿಸಿ ಕೂರಿಸಿ, ನಡೆಸಿ. ಇಷ್ಟೇನಾ ಅನ್ನಿಸಬಹುದು. ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಆರೈಕೆ ಸಿಕ್ಕವರಲ್ಲಿ ಶೇ. 9.9 ಮಂದಿಗೆ, ಸಿಗದವರಲ್ಲಿ ಶೇ. 15 ಮಂದಿಗೆ ಸನ್ನಿ ಬಂತು.

ಗಲಾಟೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಗೋಡೆಯತ್ತ ತಿರುಗಿ ಸುಮ್ಮನೆ ಮಲಗಿ, ಕರೆದರೆ ಮಾತ್ರ 'ಹೂಂ' ಅನ್ನುವ ಹಿರಿಯರಿಗೂ ಸನ್ನಿಯಿರಬಹುದು. ಪಕ್ಕದ ಹಾಸಿಗೆಯವರು ಹೀಗಿದ್ದರೆ ನರ್ಸ್‌ಗೆ ಒಂದು ಮಾತು ಹೇಳಿ.

ವಾಸಿಯಾಗುತ್ತದೆಯೇ ಎಂದಿರಿ. ಕಾರಣ ಸಿಕ್ಕಿದರೆ ಬಹಳ ಮಂದಿ ಕೆಲವು ದಿನಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ವಾರ, ತಿಂಗಳು ಹಿಡಿಯುತ್ತದೆ. ಒಳಗೇ ಇದ್ದ ಮರೆವಿನ ರೋಗ ಈ ನೆಪದಲ್ಲಿ ಹೊರಬೀಳುವುದೂ ಉಂಟು. ಹಾಗಾಗಿ ಕೆಲವು ತಿಂಗಳ ನಂತರ ನೆನಪಿನ ಪರೀಕ್ಷೆ ಮಾಡಿಸಿ. ಆ ರಾತ್ರಿಯ ತುಣುಕುಗಳು ಅವರಿಗೆ ನೆನಪಿರಬಹುದು, 'ನಿನಗೆ ಏನಾದರೂ ಅಂದೆನಾ?' ಎಂದು ನಾಚಿಕೆಯಿಂದ ಕೇಳಬಹುದು. ಆಗ ಮಾತು ಮರೆಸಬೇಡಿ. ಕಾಯಿಲೆಯಲ್ಲಿ ಹಾಗಾಗಿತ್ತು ಅಪ್ಪ, ತೋಟಕ್ಕೆ ನೀರು ಬಿಡಬೇಕು ಅಂದಿರಿ, ಅಷ್ಟೇ ಎಂದು ಹೇಳಿ.